ಮೈಸೂರು, ಮಂಡ್ಯದ ಅಡುಗೆಮನೆಗೆ ಯಾವ ಮಿಕ್ಸಿ? ವ್ಯಾಟ್ ಕೇಳುವ ಮೊದಲು ಚಿಕ್ಕ ಜಾರು ನೋಡಿ

ಮಿಕ್ಸಿ ಕೊಳ್ಳಲು ಅಂಗಡಿ ಮೆಟ್ಟಿಲು ಹತ್ತಿದವರು ಮೊದಲು ಕೇಳುವುದು ‘ಎಷ್ಟು ವ್ಯಾಟಿಂದು?’ ಎಂದೇ. ಕೇಳಬೇಕಾದ ಮೊದಲ ಪ್ರಶ್ನೆ ಅದಲ್ಲ. ಉಪ್ಸಾರಿನ ಖಾರವನ್ನೇ ತೆಗೆದುಕೊಳ್ಳಿ. ಎಂಟು ಹತ್ತು ಮೆಣಸಿನಕಾಯಿ, ನಾಲ್ಕೈದು ಎಸಳು ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ನಾಲ್ಕು ಕಾಳುಮೆಣಸು, ಗೋಲಿ ಗಾತ್ರದ ಹುಣಸೆಹಣ್ಣು, ಉಪ್ಪು. ಇಷ್ಟನ್ನು ಒಂದೂವರೆ ಲೀಟರ್ ಜಾರಿಗೆ ಹಾಕಿ 1000 ವ್ಯಾಟ್ ಮೋಟಾರಿನ ಮೇಲೆ ಕೂರಿಸಿದರೂ ನುಣ್ಣಗಾಗುವುದಿಲ್ಲ. ಮೊದಲ ಸುತ್ತಿಗೇ ಅರ್ಧ ಗೋಡೆಗೆ ಹಾರಿ ಅಂಟಿಕೊಳ್ಳುತ್ತದೆ, ಇನ್ನರ್ಧ ಬ್ಲೇಡಿನ ಅಡಿ ಸೇರಿ ಹಾಗೇ ಕೂರುತ್ತದೆ. ಅದೇ ಖಾರ 500 ವ್ಯಾಟಿನ ಸಾಧಾರಣ ಮಿಕ್ಸಿಯ 400 ಮಿಲಿ ಚಟ್ನಿ ಜಾರಿನಲ್ಲಿ, ಬ್ಲೇಡು ತಳಕ್ಕೆ ಹತ್ತಿರವಿದ್ದರೆ, ಒಂದೂವರೆ ನಿಮಿಷದಲ್ಲಿ ಬೆಣ್ಣೆಯಾಗುತ್ತದೆ.

ಹಾಗಾಗಿ ಮನೆಯಲ್ಲಿ ದಿನಾ ಏನು, ಎಷ್ಟು ರುಬ್ಬುತ್ತೀರಿ ಎಂಬುದನ್ನು ಮೊದಲು ಲೆಕ್ಕ ಹಾಕಿ. ನಮ್ಮ ಎರಡು ಜಿಲ್ಲೆಗಳ ಅಡುಗೆಯ ಪಟ್ಟಿ ಹೆಚ್ಚುಕಡಿಮೆ ಗೊತ್ತಿರುವುದೇ. ಬೆಳಗ್ಗೆ ಕಾಯಿಚಟ್ನಿ ಅಥವಾ ಮಸಾಲೆದೋಸೆಯ ಕೆಂಪು ಚಟ್ನಿ. ಮಧ್ಯಾಹ್ನಕ್ಕೆ ಬಸ್ಸಾರು, ಮೊಳಕೆಕಾಳಿನ ಸಾರು, ಇಲ್ಲವೇ ಹುಳಿಯ ಮಸಾಲೆ. ವಾರಕ್ಕೆ ಒಂದೆರಡು ಸಲ ದೋಸೆ, ಇಡ್ಲಿ ಹಿಟ್ಟು. ಭಾನುವಾರ ನಾಟಿಕೋಳಿ ಸಾರಿಗೆ ಹುರಿದ ಮಸಾಲೆ. ಎರಡು ಮೂರು ತಿಂಗಳಿಗೊಮ್ಮೆ ಸಾರಿನ ಪುಡಿ, ಹುಚ್ಚೆಳ್ಳು ಚಟ್ನಿಪುಡಿ. ಹಣ್ಣಿನ ಜ್ಯೂಸು ಬರುವುದು ಬೇಸಿಗೆಯಲ್ಲಿ, ಅದೂ ಅಪರೂಪಕ್ಕೆ. ಡಬ್ಬದ ಮೇಲಿನ ಚಿತ್ರದಲ್ಲಿ ಮಾತ್ರ ಜ್ಯೂಸೇ ಮುಂದೆ ನಿಂತಿರುತ್ತದೆ!

ಬ್ಲೆಂಡರ್, ಬುಲೆಟ್, ಮಿಕ್ಸಿ, ಗ್ರೈಂಡರ್

ಆನ್‌ಲೈನಿನಲ್ಲಿ ‘ಬ್ಲೆಂಡರ್’ ಎಂದು ಹುಡುಕಿದರೆ ನಾಲ್ಕು ಬಗೆಯ ಯಂತ್ರಗಳು ಒಟ್ಟಿಗೆ ಬಂದು ನಿಲ್ಲುತ್ತವೆ. ಇವು ಒಂದರ ಕೆಲಸ ಇನ್ನೊಂದು ಮಾಡುವ ವಸ್ತುಗಳಲ್ಲ.

ಎತ್ತರದ ಗಾಜಿನ ಅಥವಾ ಪ್ಲಾಸ್ಟಿಕ್ ಜಾರಿನ ಬ್ಲೆಂಡರ್ ಇರುವುದು ನೀರಿನಂಶ ಇರುವ ಪದಾರ್ಥಕ್ಕೆ: ಜ್ಯೂಸು, ಮಿಲ್ಕ್‌ಶೇಕ್, ಸೂಪು. ದ್ರವ ಸುಳಿಯಂತೆ ತಿರುಗಿ ಮೇಲಿನದನ್ನು ಬ್ಲೇಡಿಗೆ ಎಳೆದು ತಂದರಷ್ಟೇ ಅದು ಕೆಲಸ ಮಾಡೀತು. ಗಟ್ಟಿ ಕಾಯಿಮಸಾಲೆ ಹಾಕಿದರೆ ಸುಳಿ ಏಳುವುದಿಲ್ಲ, ಬ್ಲೇಡಿನ ಸುತ್ತ ಗಾಳಿಯ ಗುಳ್ಳೆ ಕಟ್ಟಿಕೊಂಡು ಬ್ಲೇಡು ಸುಮ್ಮನೆ ತಿರುಗುತ್ತದೆ. ಭಾರತೀಯ ಮಸಾಲೆಗೆ ವಿದೇಶಿ ಮಿಕ್ಸರ್ ತಡೆಯದೆ ಸುಟ್ಟುಹೋಯಿತೆಂದೇ ಸತ್ಯಪ್ರಕಾಶ್ ಮಾಥುರ್ ಅವರು 1960ರ ದಶಕದಲ್ಲಿ ಸುಮೀತ್ ಮಿಕ್ಸಿಯನ್ನು ರೂಪಿಸಿದ್ದು. ಇಂದಿಗೂ ನಮ್ಮ ಮಿಕ್ಸಿಗಳೆಲ್ಲ ಅದೇ ದಾರಿಯವು: ಬಲವಾದ ಮೋಟಾರು, ಸ್ಟೀಲ್ ಜಾರು, ಕೆಲಸಕ್ಕೊಂದು ಬ್ಲೇಡು.

ಬುಲೆಟ್ ಎಂದು ಕರೆಯುವ, ಲೋಟವನ್ನು ತಲೆಕೆಳಗು ಮಾಡಿ ಒತ್ತುವ ಸಣ್ಣ ಯಂತ್ರ 300ರಿಂದ 500 ವ್ಯಾಟಿನದು. ಒಬ್ಬರ ಚಟ್ನಿಗೆ, ಮಗುವಿನ ಹಣ್ಣಿಗೆ, ಸ್ವಲ್ಪ ಒಣಪುಡಿಗೆ ಚೆನ್ನಾಗಿದೆ. ಒಂದು ನಿಮಿಷಕ್ಕಿಂತ ಹೆಚ್ಚು ಎಡೆಬಿಡದೆ ಒತ್ತಿ ಹಿಡಿಯಬಾರದು. ಬಿಸಿ ಟೊಮೆಟೊ, ಬಿಸಿ ಬೇಳೆಯನ್ನಂತೂ ಹಾಕಲೇಬಾರದು. ಲೋಟ ಪೂರ್ತಿ ಮುಚ್ಚಿರುವುದರಿಂದ ಹಬೆಗೆ ಹೊರಹೋಗಲು ದಾರಿಯಿಲ್ಲ, ಬಿಚ್ಚುವಾಗ ಮುಖಕ್ಕೆ ಎರಚುತ್ತದೆ.

ಕೈಯಲ್ಲಿ ಹಿಡಿಯುವ ಹ್ಯಾಂಡ್ ಬ್ಲೆಂಡರ್ ಮಸ್ಸೊಪ್ಪು ಮಾಡುವ ಮನೆಗೆ ಒಳ್ಳೆಯ ಜೊತೆಗಾರ. ಬೆಂದ ಸೊಪ್ಪು, ಬೇಳೆಯನ್ನು ಪಾತ್ರೆಯಲ್ಲೇ ಮಸೆಯಬಹುದು, ಮಜ್ಜಿಗೆ ಕಡೆಯಬಹುದು. ಕಾಯಿತುರಿಯನ್ನು ನುಣ್ಣಗೆ ಮಾಡುವುದು ಅದರ ಕೈಲಾಗದು. ಮಿಕ್ಸಿಯ ಬದಲಿಗೆ ಇದನ್ನು ಕೊಳ್ಳಬೇಡಿ.

ಕಲ್ಲಿನ ಗ್ರೈಂಡರ್ ಮಾತು ಬೇರೆಯೇ. ಖಾಲಿ ಓಡುವಾಗ ಮಿಕ್ಸಿಯ ಬ್ಲೇಡು ನಿಮಿಷಕ್ಕೆ 18,000ದಿಂದ 20,000 ಸುತ್ತು ತಿರುಗುತ್ತದೆ. ಅದರ ಕೆಲಸ ಕತ್ತರಿಸುವುದು. ಗ್ರೈಂಡರಿನ ಕಲ್ಲು ನಿಧಾನಕ್ಕೆ ಉರುಳಿ ಅರೆಯುತ್ತದೆ. ಹೀಗಾಗಿ ಹಿಟ್ಟು ಬಿಸಿಯಾಗದು, ಉದ್ದಿಗೆ ಗಾಳಿ ಸೇರಿ ಹೂವಿನಂತೆ ಅರಳುತ್ತದೆ. ಟೇಬಲ್ ಮೇಲಿಡುವ ಎರಡು ಲೀಟರ್ ಗ್ರೈಂಡರಿನ ಮೋಟಾರು 150 ವ್ಯಾಟಿನ ಆಸುಪಾಸು, 750 ವ್ಯಾಟ್ ಮಿಕ್ಸಿಯ ಐದನೇ ಒಂದು ಭಾಗ. ವ್ಯಾಟ್ ಹೆಚ್ಚಿದ್ದರೆ ರುಬ್ಬುವುದು ಚೆನ್ನಾಗಿರುತ್ತದೆ ಎನ್ನುವವರಿಗೆ ಈ ಒಂದು ಲೆಕ್ಕ ಸಾಕು. ಇಲ್ಲಿನ ಅಂಗಡಿಗಳಿಗೆ ಬರುವ ಗ್ರೈಂಡರುಗಳಲ್ಲಿ ಕೊಯಮತ್ತೂರಿನವೇ ಹೆಚ್ಚು. ‘ಕೊಯಮತ್ತೂರು ವೆಟ್ ಗ್ರೈಂಡರ್’ಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ.

ಹಾಗಾದರೆ ವ್ಯಾಟ್ ಏನು ಹೇಳುತ್ತದೆ?

ಮೋಟಾರು ಎಷ್ಟು ಕರೆಂಟು ಎಳೆಯುತ್ತದೆ ಎಂಬುದನ್ನು. ಎಷ್ಟು ಹೊತ್ತು ದಣಿಯದೆ ದುಡಿಯುತ್ತದೆ ಎಂಬುದನ್ನು ಅದೊಂದೇ ಹೇಳದು. ಅದಕ್ಕೆ ಮಿಕ್ಸಿಯನ್ನು ಮಗುಚಿ ತಳದ ಲೇಬಲ್ ಓದಬೇಕು. ಅಲ್ಲಿ ‘ರೇಟಿಂಗ್ 30 ನಿಮಿಷ’ ಎಂದಿರುತ್ತದೆ. ಅರ್ಧ ಗಂಟೆ ಬಿಡದೆ ಓಡಿಸಬಹುದು ಎಂದು ಇದನ್ನು ಓದಿಕೊಂಡವರು ಬಹಳ. ನಿಜವಾದ ಅರ್ಥ: ಐದು ನಿಮಿಷ ಓಟ, ಎರಡು ನಿಮಿಷ ಬಿಡುವು, ಹೀಗೆ ಆರು ಸಲ. ಅಷ್ಟಾದ ಮೇಲೆ ಮೋಟಾರು ಪೂರ್ತಿ ತಣಿಯಬೇಕು. ಅದೇ ಲೇಬಲಿನಲ್ಲೋ ಡಬ್ಬದ ಮೇಲೋ ಐಎಸ್‌ಐ ಗುರುತು, ಅದರ ಮೇಲ್ಗಡೆ ಐಎಸ್ 4250 ಎಂಬ ಸಂಖ್ಯೆ, ಕೆಳಗಡೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇದೆಯೇ ನೋಡಿ. ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಪರವಾನಗಿ ಯಾರದು, ಚಾಲ್ತಿಯಲ್ಲಿದೆಯೇ ಎಂಬುದು ಅಂಗಡಿಯಲ್ಲೇ ಗೊತ್ತಾಗುತ್ತದೆ. ದಸರಾ ಸಮಯದಲ್ಲಿ ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನದಲ್ಲಿ ಕ್ಯಾರೆಟ್ ಕತ್ತರಿಸಿ ತೋರಿಸಿ ಮಾರುವ ಹೆಸರು ಕೇಳದ ಮಿಕ್ಸಿಗಳಿಗೆ ಈ ಪರೀಕ್ಷೆ ತಪ್ಪಿಸಲೇಬೇಡಿ.

500 ವ್ಯಾಟ್ ಇಬ್ಬರು ಮೂವರ ಮನೆಗೆ ಸಾಕು: ಚಟ್ನಿ, ಒಂದು ಹೊತ್ತಿನ ಮಸಾಲೆ, ಸ್ವಲ್ಪ ಪುಡಿ. ನಾಲ್ಕೈದು ಜನರಿದ್ದು ದಿನಾ ಕಾಯಿ ರುಬ್ಬುವವರಿಗೆ, ವಾರಕ್ಕೊಮ್ಮೆ ದೋಸೆ ಹಿಟ್ಟನ್ನೂ ಮಿಕ್ಸಿಯಲ್ಲೇ ಮಾಡುವವರಿಗೆ 750 ಸರಿಯಾದ ಅಳತೆ. 1000 ವ್ಯಾಟ್ ಬೇಕಾಗುವುದು ಒಂದೇ ಸಲಕ್ಕೆ ಹತ್ತು ಹದಿನೈದು ಜನರ ಮಸಾಲೆ ರುಬ್ಬುವ ಕಡೆ, ಅಥವಾ ಪುಡಿ ಮಾಡಿ ಮಾರುವವರಿಗೆ. ಇಲ್ಲಿನ ಬಹುಪಾಲು ಮನೆಗಳಿಗೆ ಅದು ದುಡ್ಡಿನ ದಂಡ. ಸದ್ದೂ ಹೆಚ್ಚು, ಭಾರವೂ ಹೆಚ್ಚು. ಸಣ್ಣ ಪ್ರಮಾಣದ ಮಸಾಲೆಯನ್ನು ರುಬ್ಬುವ ಬದಲು ಗೋಡೆಗೆ ಎರಚುವುದೂ ಹೆಚ್ಚು.

ಕರೆಂಟ್ ಬಿಲ್ಲಿನ ಹೆದರಿಕೆಯಿಂದ ಚಿಕ್ಕದು ಕೊಳ್ಳಬೇಕಿಲ್ಲ. 750 ವ್ಯಾಟ್ ಮಿಕ್ಸಿಯನ್ನು ದಿನಕ್ಕೆ ಹತ್ತು ನಿಮಿಷ ಪೂರ್ತಿ ಭಾರದಲ್ಲಿ ಓಡಿಸಿದರೂ ತಿಂಗಳಿಗೆ 3.75 ಯೂನಿಟ್. 500 ವ್ಯಾಟಿನದಾದರೆ 2.5 ಯೂನಿಟ್, ಆದರೆ ಅದೇ ಕೆಲಸಕ್ಕೆ ಅದು ಇನ್ನಷ್ಟು ಹೊತ್ತು ಓಡಬೇಕು. ಗೃಹಜ್ಯೋತಿಯ 200 ಯೂನಿಟ್ ಮಿತಿಯೊಳಗೆ ಇದು ಲೆಕ್ಕಕ್ಕೇ ಬಾರದು. ವೋಲ್ಟೇಜ್ ಮಾತ್ರ ಲೆಕ್ಕಕ್ಕೆ ಬರುತ್ತದೆ. ಹಳ್ಳಿಗಳಲ್ಲಿ ಸಂಜೆ ವೋಲ್ಟೇಜ್ ಇಳಿದಾಗ ಮಿಕ್ಸಿ ಗೊಣಗುತ್ತ ನಿಧಾನ ತಿರುಗುತ್ತದೆ, ಕಾಯಿ ತರಿಯಾಗಿಯೇ ಉಳಿಯುತ್ತದೆ. ಅಂಥ ಊರಿನಲ್ಲಿ 500ರ ಬದಲು 750 ತೆಗೆದುಕೊಳ್ಳುವುದು ಒಳ್ಳೆಯದು. ಮಸಾಲೆಯನ್ನು ಬೆಳಗ್ಗೆಯೇ ರುಬ್ಬಿಟ್ಟುಕೊಳ್ಳುವುದು ಇನ್ನೂ ಒಳ್ಳೆಯದು. ಕರೆಂಟ್ ಹೋದಾಗ ಮನೆಯ ಸಣ್ಣ ಇನ್ವರ್ಟರಿನಲ್ಲಿ 750 ವ್ಯಾಟಿನ ಮಿಕ್ಸಿ ಓಡಿಸಲು ಹೋಗಬೇಡಿ, ಶುರುವಿನ ಎಳೆತಕ್ಕೇ ಇನ್ವರ್ಟರ್ ಓವರ್‌ಲೋಡ್ ಎಂದು ಕೂಗಿ ನಿಲ್ಲುತ್ತದೆ.

ಜಾರು: ಮಿಕ್ಸಿಯ ಜೀವ ಇರುವುದು ಇಲ್ಲಿ

ಸಾಮಾನ್ಯವಾಗಿ ಮೂರು ಜಾರು ಬರುತ್ತವೆ. 1.5 ಲೀಟರಿನದು ನೀರಾದ ಪದಾರ್ಥಕ್ಕೆ, ಹಿಟ್ಟಿಗೆ. 1 ಲೀಟರಿನದು ಮಸಾಲೆ, ಪುಡಿಗೆ. 400 ಮಿಲಿಯ ಆಸುಪಾಸಿನದು ಚಟ್ನಿಗೆ. ದೊಡ್ಡ ಜಾರಿನ ಒಳಗೋಡೆಯಲ್ಲಿ ಉದ್ದಕ್ಕೆ ಉಬ್ಬು ಏಣುಗಳಿರಬೇಕು. ಸುತ್ತುವ ಹಿಟ್ಟು ಅವಕ್ಕೆ ಬಡಿದು ಮತ್ತೆ ಬ್ಲೇಡಿನ ಕಡೆ ಬೀಳುತ್ತದೆ. ನುಣುಪಾದ ಗೋಡೆಯಾದರೆ ಎಲ್ಲವೂ ಒಟ್ಟಿಗೆ ಗಿರಗಿರ ಸುತ್ತುತ್ತದೆಯೇ ಹೊರತು ನುರಿಯುವುದಿಲ್ಲ.

ಚಟ್ನಿ ಜಾರನ್ನು ಕೈಯಲ್ಲಿ ಹಿಡಿದು ಮೂರು ವಿಷಯ ನೋಡಿ. ಒಂದು, ಬ್ಲೇಡಿಗೂ ತಳಕ್ಕೂ ನಡುವಿನ ಸಂದು. ಕಿರುಬೆರಳು ಸಲೀಸಾಗಿ ತೂರುವಷ್ಟಿದ್ದರೆ ಬೆಳ್ಳುಳ್ಳಿ ಎಸಳು ಅಲ್ಲೇ ಇಡಿಯಾಗಿ ಉಳಿಯುತ್ತದೆ. ಎರಡು, ತಳ ಬಟ್ಟಲಿನಂತೆ ದುಂಡಗಿದೆಯೇ, ಮೂಲೆಯಾಗಿದೆಯೇ. ಮೂಲೆಯಿದ್ದರೆ ಮಸಾಲೆ ಅಲ್ಲಿ ಸಿಕ್ಕಿಕೊಳ್ಳುತ್ತದೆ, ತೊಳೆಯುವುದಕ್ಕೂ ಕಷ್ಟ. ಮೂರು, ಮುಚ್ಚಳ. ಚಿಕ್ಕ ಜಾರಿನ ಮುಚ್ಚಳ ಒಂದೇ ಕೈಯಲ್ಲಿ ಒತ್ತಿ ಹಿಡಿಯುವಂತಿರಬೇಕು, ರಬ್ಬರ್ ಗ್ಯಾಸ್ಕೆಟ್ ಸುತ್ತಲೂ ಸಮನಾಗಿ ಕೂರಬೇಕು. ವಯಸ್ಸಾದವರು ಬಳಸುವ ಮನೆಯಾದರೆ ಹಿಡಿ ಇರುವ ಚಟ್ನಿ ಜಾರನ್ನೇ ಆರಿಸಿ. ಹಿಡಿಯಿಲ್ಲದ ಒದ್ದೆ ಸ್ಟೀಲ್ ಜಾರನ್ನು ಲಾಕಿನಿಂದ ತಿರುಗಿಸಿ ಬಿಚ್ಚಲು ಮಣಿಕಟ್ಟಿಗೆ ಬಹಳ ಶ್ರಮ.

ಆಮೇಲೆ ಅಂಗಡಿಯಲ್ಲೇ ಮೂರೂ ಜಾರಿಗೆ ಅರ್ಧ ನೀರು ಹಾಕಿಸಿ, ಹಳೆ ಪೇಪರಿನ ಮೇಲೆ ಐದು ನಿಮಿಷ ಇಡಿಸಿ. ತಳದಲ್ಲಿ ಒಂದು ಹನಿ ಕಂಡರೂ ಬೇರೆ ಡಬ್ಬ ಕೇಳಿ. ಜಾರಿನ ಅಡಿಯ ಕಪ್ಲರನ್ನು (ಮೋಟಾರಿನ ತಿರುವನ್ನು ಬ್ಲೇಡಿಗೆ ದಾಟಿಸುವ ಹಲ್ಲಿನ ಬಿಲ್ಲೆ) ಬೆರಳಿನಿಂದ ತಿರುಗಿಸಿದರೆ ಬ್ಲೇಡು ಹಗುರವಾಗಿ ತಿರುಗಬೇಕು, ಅತ್ತಿತ್ತ ಅಲುಗಾಡಬಾರದು. ಸಂಕೋಚ ಬೇಡ, ಹತ್ತು ನಿಮಿಷದ ಈ ಕೆಲಸ ಮುಂದೆ ಸರ್ವೀಸಿಗೆ ಹೋಗಿಬರುವ ಒಂದು ದಿನವನ್ನು ಉಳಿಸುತ್ತದೆ. ಖಾಲಿ ಜಾರು ಇಟ್ಟು ಮೂರನೇ ಸ್ಪೀಡಿನಲ್ಲಿ ಬರ್ರೆಂದು ಓಡಿಸಿ ‘ನೋಡಿ ಪವರ್ರು’ ಎಂದು ತೋರಿಸಿದರೆ ಅದರಿಂದ ತಿಳಿಯುವುದು ಏನೂ ಇಲ್ಲ. ಭಾರವಿಲ್ಲದಾಗ ಎಲ್ಲ ಮಿಕ್ಸಿಯೂ ಜೋರಾಗಿಯೇ ತಿರುಗುತ್ತದೆ, ಜಾರಿನ ಬುಷ್ (ಬ್ಲೇಡಿನ ಕಡ್ಡಿ ಕೂತು ತಿರುಗುವ ಕೊಳವೆ) ಒಣಗಿ ಸವೆಯುವುದೂ ಹೀಗೆ ಖಾಲಿ ಓಡಿಸುವುದರಿಂದಲೇ.

ನಾಲ್ಕನೇ, ಐದನೇ ಜಾರಿಗೆ ಎಂದು ಸಾವಿರ, ಒಂದೂವರೆ ಸಾವಿರ ಹೆಚ್ಚು ಕೊಡುವ ಮುನ್ನ ಯೋಚಿಸಿ. ಹಿಟ್ಟು ಕಲಸುವ, ತರಕಾರಿ ಹೆಚ್ಚುವ ದೊಡ್ಡ ಜಾರು ದಿನಾ ಚಪಾತಿ ಮಾಡುವ ಮನೆಗೆ ಉಪಯೋಗವೇ ಸರಿ. ರಾಗಿಮುದ್ದೆಯ ಮನೆಯಲ್ಲಿ ಅದು ಅಟ್ಟ ಸೇರುತ್ತದೆ. ರಸ ಹಿಂಡುವ ಜ್ಯೂಸರ್ ಜೋಡಣೆಯ ಗತಿಯೂ ಬಹುಮಟ್ಟಿಗೆ ಅದೇ. ಅದೇ ದುಡ್ಡಿಗೆ ಇನ್ನೊಂದು ಚಟ್ನಿ ಜಾರು ಬಿಡಿಯಾಗಿ ಕೊಂಡರೆ ಬೆಳಗಿನ ಹೊತ್ತು ಎರಡು ಚಟ್ನಿ ಮಾಡುವಾಗ ಮಧ್ಯೆ ತೊಳೆಯುವ ಕೆಲಸ ತಪ್ಪುತ್ತದೆ.

ಯಾರಿಗೆ ಯಾವುದು, ಎಷ್ಟಕ್ಕೆ

ಬೆಲೆಗಳೆಲ್ಲ ಅಂದಾಜು, ಹಬ್ಬದ ರಿಯಾಯಿತಿಗೆ ಏರಿಳಿಯುತ್ತವೆ.

ಸರಸ್ವತಿಪುರಂ, ಕುವೆಂಪುನಗರದ ಕಡೆ ರೂಮು ಮಾಡಿಕೊಂಡು ಓದುವವರಿಗೆ, ಒಬ್ಬರೇ ಅಡುಗೆ ಮಾಡಿಕೊಳ್ಳುವವರಿಗೆ ₹1,500ರಿಂದ ₹2,500ರ ಒಳಗೆ 500 ವ್ಯಾಟಿನ ಎರಡು ಅಥವಾ ಮೂರು ಜಾರಿನ ಮಿಕ್ಸಿ. ಅದೇ ಬೆಲೆಗೆ ಬುಲೆಟ್ ಸಿಗುತ್ತದಾದರೂ ಅಕ್ಕಿ, ಉದ್ದು ರುಬ್ಬಲಾಗದು, ಜಾರಿನ ಭಾಗಗಳೂ ಎಲ್ಲ ಕಡೆ ಸಿಗುವುದಿಲ್ಲ. ಜಾಗ ತೀರಾ ಕಡಿಮೆಯಿದ್ದರೆ ಮಾತ್ರ ಬುಲೆಟ್.

ನಾಲ್ಕೈದು ಜನರ ಸಂಸಾರಕ್ಕೆ 750 ವ್ಯಾಟಿನ ಮೂರು ಜಾರಿನದು, ₹3,000ದಿಂದ ₹5,000. ಈ ವರ್ಗದಲ್ಲಿ ಪ್ರೀತಿ, ಬಟರ್‌ಫ್ಲೈ, ವಿಡಿಯಂ, ಬಜಾಜ್, ಪ್ರೆಸ್ಟೀಜ್, ಫಿಲಿಪ್ಸ್, ಪ್ಯಾನಸೋನಿಕ್ ಎಲ್ಲವೂ ಸಿಗುತ್ತವೆ. ಬ್ರ್ಯಾಂಡಿಗೆ ಬ್ರ್ಯಾಂಡು ಹೋಲಿಸುವ ಬದಲು ಮಾದರಿಗೆ ಮಾದರಿ ಹೋಲಿಸಿ, ಏಕೆಂದರೆ ಒಂದೇ ಹೆಸರಿನ ಕೆಳಗೆ ₹2,500ರದೂ ಇರುತ್ತದೆ, ₹8,000ದ್ದೂ ಇರುತ್ತದೆ. ಅವುಗಳ ಜಾರು, ಬ್ಲೇಡು, ಮೋಟಾರು ಬೇರೆ ಬೇರೆ. ನಮ್ಮ ಮಟ್ಟಿಗೆ ಹಣಕ್ಕೆ ಅತಿ ಹೆಚ್ಚು ಕೆಲಸ ಕೊಡುವುದು ಈ ವರ್ಗವೇ.

ಕೂಡುಕುಟುಂಬ, ವಾರಕ್ಕೆರಡು ಸಲ ಇಡ್ಲಿ ದೋಸೆ, ಮನೆಗೆ ಬಂದುಹೋಗುವವರು ಹೆಚ್ಚು ಎಂದಾದರೆ 1000 ವ್ಯಾಟಿನ ₹8,000ದ ಮಿಕ್ಸಿ ಬೇಡ. ₹3,500ರ ಮಿಕ್ಸಿಯೊಂದು, ₹4,000–₹5,000ದ ಎರಡು ಲೀಟರ್ ಗ್ರೈಂಡರೊಂದು ತನ್ನಿ. ಎರಡೂ ಸೇರಿ ಸುಮಾರು ಅದೇ ಖರ್ಚು, ಹಿಟ್ಟಿನ ಭಾರ ಮಿಕ್ಸಿಯ ಮೇಲಿಂದ ಇಳಿಯುವುದರಿಂದ ಮೋಟಾರಿನ ಆಯಸ್ಸೂ ಹೆಚ್ಚು.

ರುಬ್ಬುವಾಗ

ಸಾರಿನ ಮಸಾಲೆಗೆ ಕ್ರಮ ಮುಖ್ಯ. ಹುರಿದ ಧನಿಯ, ಜೀರಿಗೆ, ಮೆಣಸು, ಚಕ್ಕೆ ಲವಂಗ ಮೊದಲು, ನೀರಿಲ್ಲದೆ ಒಂದನೇ ಸ್ಪೀಡಿನಲ್ಲಿ ಇಪ್ಪತ್ತು ಸೆಕೆಂಡ್. ಆಮೇಲೆ ಕಾಯಿತುರಿ, ಅದೂ ಇನ್ನೊಂದು ಇಪ್ಪತ್ತು ಸೆಕೆಂಡ್ ಒಣದಾಗಿಯೇ. ಕೊನೆಗೆ ಈರುಳ್ಳಿ, ಟೊಮೆಟೊ, ಕೊತ್ತಂಬರಿಸೊಪ್ಪು. ಟೊಮೆಟೊ ರಸವೇ ಸಾಕಾಗದಿದ್ದರೆ ಮಾತ್ರ ಚಮಚದ ಲೆಕ್ಕದಲ್ಲಿ ನೀರು. ಮೊದಲೇ ಲೋಟ ನೀರು ಸುರಿದರೆ ಧನಿಯದ ಸಿಪ್ಪೆ ತೇಲುತ್ತ ಬ್ಲೇಡಿಗೆ ಸಿಗದೆ ತಪ್ಪಿಸಿಕೊಳ್ಳುತ್ತದೆ, ಎಷ್ಟು ತಿರುಗಿಸಿದರೂ ಸಾರಿನಲ್ಲಿ ತರಿತರಿ. ಒಂದು, ಎರಡು, ಮೂರು ಎಂದು ಮೆಟ್ಟಿಲು ಹತ್ತಿದಂತೆ ಸ್ಪೀಡು ಏರಿಸಿ. ನಿಂತಲ್ಲಿಂದ ನೇರ ಮೂರಕ್ಕೆ ತಿರುಗಿಸಿದಾಗ ಬೀಳುವ ಏಟೆಲ್ಲ ಕಪ್ಲರಿನ ಹಲ್ಲಿಗೆ.

ಹುರಿದ ಈರುಳ್ಳಿ, ಬೇಯಿಸಿದ ಟೊಮೆಟೊ ಕೈಗೆ ಬೆಚ್ಚಗೆನ್ನಿಸುವ ಮಟ್ಟಕ್ಕೆ ಆರಿರಬೇಕು. ಕುದಿಬಿಸಿಯದು ಹಾಕಿದರೆ ಮುಚ್ಚಳ ಚಿಮ್ಮುತ್ತದೆ, ಜಾರಿನಡಿಯ ರಬ್ಬರ್ ಸೀಲು ಸಡಿಲವಾಗುತ್ತದೆ.

ಸಾರಿನ ಪುಡಿಗೆ ಬ್ಯಾಡಗಿ ಮೆಣಸಿನಕಾಯಿ ಮುರಿದರೆ ಪಟ್ಟೆನ್ನುವಷ್ಟು ಗರಿಗರಿಯಾಗಿರಬೇಕು. ಮೆತ್ತಗಿದ್ದರೆ ಬ್ಲೇಡಿಗೆ ಸುತ್ತಿಕೊಳ್ಳುತ್ತದೆ. ಹುರಿದದ್ದು ಪೂರ್ತಿ ತಣ್ಣಗಾದ ಮೇಲೆ ಜಾರಿನ ಅರ್ಧಕ್ಕಿಂತ ಕಡಿಮೆ ಹಾಕಿ, ಹತ್ತು ಸೆಕೆಂಡ್ ಓಡಿಸಿ ನಿಲ್ಲಿಸಿ, ಜಾರು ಕೊಡವಿ ಮತ್ತೆ ಓಡಿಸಿ. ಜರಡಿ ಹಿಡಿದು ಉಳಿದ ತರಿಯನ್ನು ಮುಂದಿನ ಸರದಿಗೆ ಸೇರಿಸಿ. ಮುಚ್ಚಳ ತೆಗೆಯುವ ಮುನ್ನ ಎರಡು ನಿಮಿಷ ಕಾಯಿರಿ, ಇಲ್ಲವಾದರೆ ಮನೆಮಂದಿಗೆಲ್ಲ ಕೆಮ್ಮು. ಹುಚ್ಚೆಳ್ಳು, ಎಳ್ಳು, ಕಡಲೆಕಾಯಿಬೀಜ, ಒಣಕೊಬ್ಬರಿಗೆ ನಾಬನ್ನು ಎಡಕ್ಕೆ ತಿರುಗಿಸಿ ಬಿಟ್ಟು ಬಿಟ್ಟು ಓಡಿಸುವ ವಿಧಾನವೇ ಸರಿ. ಒಂದೇ ಸಮನೆ ಓಡಿಸಿದರೆ ಎಣ್ಣೆ ಬಿಟ್ಟು ಪುಡಿಯ ಬದಲು ಮುದ್ದೆ ಸಿಗುತ್ತದೆ. ಒಂದು ಕಿಲೋ ಮೀರಿದ ಸಾರಿನ ಪುಡಿ, ಅರಿಶಿನದ ಕೊಂಬು, ಹುರಿಹಿಟ್ಟಿನ ರಾಗಿ ಇವೆಲ್ಲ ಮಿಲ್ಲಿನ ಕೆಲಸ. ಅರಿಶಿನದ ಕೊಂಬು ಬ್ಲೇಡಿನ ಬಾಯನ್ನೇ ಮೊಂಡು ಮಾಡುತ್ತದೆ. ಅಚ್ಚುಬೆಲ್ಲವನ್ನೂ ಹಾಗೇ ಹಾಕಬೇಡಿ: ಬ್ಲೇಡಿನ ಕೆಳಗೆ ಒಂದು ಚೂರು ಸಿಕ್ಕಿಕೊಂಡರೆ ಮೋಟಾರು ನಿಂತಲ್ಲೇ ಗುಂಯ್‌ಗುಟ್ಟುತ್ತದೆ, ಆ ಐದು ಸೆಕೆಂಡಿನಲ್ಲಿ ಆಗುವ ಬಿಸಿ ಐದು ನಿಮಿಷ ರುಬ್ಬಿದ್ದಕ್ಕಿಂತ ಹೆಚ್ಚು. ಕುಟ್ಟಿಯೋ ಹೆರೆದೋ ಹಾಕಿ.

ಗ್ರೈಂಡರ್ ಇಲ್ಲದೆ ಮಿಕ್ಸಿಯಲ್ಲೇ ಇಡ್ಲಿ ಹಿಟ್ಟು ಮಾಡುವವರು ಬಿಸಿಯೊಂದನ್ನು ಗೆದ್ದರೆ ಸಾಕು. ಒಂದು ಪಾವು, ಅಂದರೆ ಸುಮಾರು 200 ಗ್ರಾಂ ಉದ್ದಿನಬೇಳೆಯನ್ನು ನಾಲ್ಕು ಗಂಟೆ ನೆನೆಸಿ, ಕೊನೆಯ ಒಂದು ಗಂಟೆ ನೀರಿನ ಸಮೇತ ಫ್ರಿಜ್ಜಿನಲ್ಲಿಡಿ. ಎರಡು ಸರದಿಯಾಗಿ ದೊಡ್ಡ ಜಾರಿಗೆ ಹಾಕಿ, ತಣ್ಣೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತ ಒಂದು ನಿಮಿಷ ಓಡಿಸಿ ಅರ್ಧ ನಿಮಿಷ ಬಿಡುತ್ತ ರುಬ್ಬಿ. ಜಾರಿನ ಹೊರಮೈ ಮುಟ್ಟಿ ನೋಡುತ್ತಿರಿ, ಬೆಚ್ಚಗಾಯಿತೆಂದರೆ ನಿಲ್ಲಿಸಿ. ಬಿಸಿಯಾದ ಹಿಟ್ಟು ಸರಿಯಾಗಿ ಹುದುಗದು, ಇಡ್ಲಿ ಗಟ್ಟಿಯಾಗುತ್ತದೆ. ಒಂದು ತೊಟ್ಟು ಹಿಟ್ಟು ನೀರಿನ ಬಟ್ಟಲಿಗೆ ಬಿಟ್ಟಾಗ ತೇಲಿದರೆ ಉದ್ದು ಆಯಿತೆಂದು ಲೆಕ್ಕ. ಅಕ್ಕಿಯನ್ನು ಬೇರೆಯಾಗಿ, ಸಣ್ಣ ರವೆಯಷ್ಟು ತರಿ ಉಳಿಸಿ ರುಬ್ಬಿ.

ಕೆಟ್ಟರೆ ಕಾರಣ ಎಲ್ಲಿ

ಓಡುತ್ತಿದ್ದ ಮಿಕ್ಸಿ ಥಟ್ಟನೆ ನಿಂತು, ಮತ್ತೆ ಹಾಕಿದರೆ ಸದ್ದೇ ಇಲ್ಲವೆಂದರೆ ಗಾಬರಿ ಬೇಡ. ಪ್ಲಗ್ ಕಿತ್ತು, ತಳದ ಅಥವಾ ಹಿಂಬದಿಯ ಕೆಂಪು ಗುಂಡಿ ನೋಡಿ. ಓವರ್‌ಲೋಡ್ ಆದಾಗ ಅದು ಹೊರಗೆ ಚಿಮ್ಮುತ್ತದೆ. ಹದಿನೈದು ನಿಮಿಷ ತಣಿಯಲು ಬಿಟ್ಟು, ಜಾರಿನಿಂದ ಮೂರನೇ ಒಂದು ಭಾಗ ತೆಗೆದು, ಗುಂಡಿ ಒತ್ತಿ, ಮತ್ತೆ ಓಡಿಸಿ. ತಣಿಯುವ ಮೊದಲೇ ಒತ್ತಿ ಒತ್ತಿ ಓಡಿಸುವುದರಿಂದಲೇ ಮೋಟಾರಿನ ಸುರುಳಿ ಸುಡುವುದು. ಹೊಸ ಮಿಕ್ಸಿಯಲ್ಲಿ ಮೊದಲ ಕೆಲವು ಸಲ ಸುಟ್ಟಂಥ ವಾಸನೆ ಬರುವುದು ಸುರುಳಿಗೆ ಬಳಿದ ವಾರ್ನಿಷ್ ಕಾಯುವುದರಿಂದ. ಅದು ತಾನೇ ಹೋಗುತ್ತದೆ. ವಾರಗಳ ಮೇಲೂ ಬಂದರೆ, ಹೊಗೆ ಕಂಡರೆ ನಿಲ್ಲಿಸಿ ಸರ್ವೀಸಿಗೆ ಒಯ್ಯಿರಿ.

ಮೋಟಾರು ತಿರುಗುತ್ತಿದೆ, ಬ್ಲೇಡು ತಿರುಗುತ್ತಿಲ್ಲ, ಕಟಕಟ ಸದ್ದು: ಕಪ್ಲರಿನ ಹಲ್ಲು ಸವೆದಿದೆ. ಮೋಟಾರಿಗೆ ಏಟು ಬೀಳುವ ಬದಲು ತಾನು ಮುರಿಯಲೆಂದೇ ಇರುವ ಮೆದು ಭಾಗ ಅದು. ಆದರೆ ಹೊಸ ಕಪ್ಲರ್ ಹಾಕಿಸುವ ಮೊದಲು ಜಾರಿನ ಬ್ಲೇಡನ್ನು ಬೆರಳಿನಿಂದ ತಿರುಗಿಸಿ ನೋಡಿ. ಬಿಗಿಯಾಗಿದ್ದರೆ ಬುಷ್‌ನಲ್ಲಿ ಒಣಗಿದ ಹಿಟ್ಟು ಸೇರಿ ಹಿಡಿದುಕೊಂಡಿದೆ ಎಂದರ್ಥ. ಅದನ್ನು ಸರಿಮಾಡದೆ ಹಾಕಿದ ಹೊಸ ಕಪ್ಲರೂ ತಿಂಗಳಲ್ಲಿ ಹೋಗುತ್ತದೆ.

ಜಾರಿನ ತಳದಿಂದ ನೀರು ಜಿನುಗುವುದು, ಬಿಳಿ ಚಟ್ನಿಯಲ್ಲಿ ಬೂದುಬಣ್ಣದ ಗೆರೆ ಕಾಣುವುದು ಬುಷ್ ಸವೆದದ್ದರ ಗುರುತು. ಆ ಚಟ್ನಿ ತಿನ್ನಬೇಡಿ, ಜಾರನ್ನೂ ಬಳಸಬೇಡಿ. ಸೋರಿದ ನೀರು ಕೆಳಗಿಳಿದು ಮೋಟಾರಿನ ಬೇರಿಂಗ್ ತಿನ್ನುತ್ತದೆ. ಜಾರುಗಳನ್ನು ರಾತ್ರಿಯಿಡೀ ಸಿಂಕಿನಲ್ಲಿ ನೀರು ತುಂಬಿಸಿ ಇಡುವುದೇ ಇದಕ್ಕೆ ದೊಡ್ಡ ಕಾರಣ. ರುಬ್ಬಿದ ಕೂಡಲೇ ಅರ್ಧ ಲೋಟ ನೀರು ಹಾಕಿ ಹತ್ತು ಸೆಕೆಂಡ್ ತಿರುಗಿಸಿ ಆ ನೀರನ್ನು ಸಾರಿಗೇ ಸೇರಿಸಿದರೆ ಮಸಾಲೆಯೂ ಹಾಳಾಗದು, ಜಾರೂ ತೊಳೆದಂತಾಗುತ್ತದೆ. ತೊಳೆದ ಮೇಲೆ ಬೋರಲು ಹಾಕಿ ಒಣಗಿಸಿ.

ಗಾಳಿಕಿಂಡಿಯಲ್ಲಿ ಸಣ್ಣ ನೀಲಿ ಕಿಡಿ ಕಾಣುವುದು ಸಹಜ. ದೊಡ್ಡ ಹಳದಿ ಕಿಡಿ, ನಡುನಡುವೆ ನಿಂತು ಓಡುವುದು ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ ಮುಗಿದಿದ್ದರ ಲಕ್ಷಣ. ಬ್ರಷ್ ಜೋಡಿ ದುಬಾರಿಯಲ್ಲ. ತಡಮಾಡಿದರೆ ಅದು ಉಜ್ಜುವ ಆ ತಿರುಗುವ ಭಾಗ, ಆರ್ಮೇಚರ್, ಗೀಚಿಹೋಗಿ ಹತ್ತು ಪಟ್ಟು ಖರ್ಚು ಬರುತ್ತದೆ. ಬ್ಲೇಡು ಮೊಂಡಾದರೆ ಕಲ್ಲುಪ್ಪು ಹಾಕಿ ತಿರುಗಿಸಿ ಎಂಬ ಸಲಹೆ ಎಲ್ಲ ಕಡೆ ಕೇಳಿಬರುತ್ತದೆ. ಅಂಟಿದ ಜಿಡ್ಡು ಹೋಗುವುದು ನಿಜ, ಹರಿತವಾಗುವುದು ಅಷ್ಟಕ್ಕಷ್ಟೇ. ಬ್ಲೇಡು ಬದಲಿಸುವುದೇ ದಾರಿ.

ತಳದ ನಿರ್ವಾತದ ರಬ್ಬರ್ ಕಾಲುಗಳು ಗ್ರಾನೈಟ್ ಕಟ್ಟೆಯನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತವೆ. ಮಿಕ್ಸಿಯನ್ನು ನೆಟ್ಟಗೆ ಮೇಲಕ್ಕೆ ಜಗ್ಗಬೇಡಿ, ಒಂದು ಬದಿ ಓರೆ ಮಾಡಿ ಗಾಳಿ ಬಿಟ್ಟು ಎತ್ತಿ.

ಕೊಳ್ಳುವ ಜಾಗ, ಬಿಲ್ಲು, ಬಿಡಿಭಾಗ

ಮೈಸೂರಿನಲ್ಲಿ ದೇವರಾಜ ಅರಸು ರಸ್ತೆ, ಸಯ್ಯಾಜಿರಾವ್ ರಸ್ತೆ, ಮಂಡ್ಯದಲ್ಲಿ ವಿ.ವಿ. ರಸ್ತೆ, ಪೇಟೆ ಬೀದಿ ಎಂದು ಸುತ್ತಿದರೆ ಒಂದೇ ಮಾದರಿಗೆ ನಾಲ್ಕು ಬೆಲೆ ಸಿಗುತ್ತವೆ. ಆನ್‌ಲೈನ್ ಬೆಲೆ ಮೊಬೈಲಿನಲ್ಲಿ ತೋರಿಸಿ ಕೇಳಿದರೆ ಎಷ್ಟೋ ಅಂಗಡಿಯವರು ಹತ್ತಿರಕ್ಕೆ ಬರುತ್ತಾರೆ. ಇನ್ನೂರು ಮುನ್ನೂರು ಹೆಚ್ಚಾದರೂ ಊರಿನ ಅಂಗಡಿಯೇ ಮೇಲು, ಏಕೆಂದರೆ ನೀರಿನ ಪರೀಕ್ಷೆ, ಬ್ಲೇಡಿನ ಪರೀಕ್ಷೆ ಅಲ್ಲಿ ಮಾತ್ರ ಸಾಧ್ಯ. ಬೆಲೆ ಕುದುರಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: ‘ಈ ಮಾಡೆಲಿನ ಕಪ್ಲರ್, ಚಟ್ನಿ ಜಾರಿನ ಬ್ಲೇಡು ನಿಮ್ಮಲ್ಲೇ ಸಿಗುತ್ತಾ, ಎಷ್ಟು?’ ತಡವರಿಸಿದರೆ ಆ ಮಾದರಿ ಬಿಡಿ. ಮಳವಳ್ಳಿ, ನಾಗಮಂಗಲ, ಎಚ್.ಡಿ. ಕೋಟೆಯಿಂದ ನೂರು ರೂಪಾಯಿಯ ಭಾಗಕ್ಕಾಗಿ ಬಸ್ಸು ಹಿಡಿದು ಬಂದು ‘ಮುಂದಿನ ವಾರ ಬನ್ನಿ’ ಎನ್ನಿಸಿಕೊಳ್ಳುವುದು ಯಾರಿಗೂ ಬೇಡ. ದೂರದೂರಿನವರು ಕೊಳ್ಳುವ ದಿನವೇ ಒಂದು ಕಪ್ಲರ್, ಮೂರು ಗ್ಯಾಸ್ಕೆಟ್ ಹೆಚ್ಚಿಗೆ ತೆಗೆದಿಟ್ಟುಕೊಳ್ಳಿ.

ಮೋಟಾರಿಗೆ ಐದು ವರ್ಷ ವಾರಂಟಿ ಎಂದು ದೊಡ್ಡ ಅಕ್ಷರದಲ್ಲಿರುತ್ತದೆ. ಮೊದಲು ಕೆಡುವ ಕಪ್ಲರ್, ಗ್ಯಾಸ್ಕೆಟ್, ಬ್ರಷ್, ಜಾರು ಸಾಮಾನ್ಯವಾಗಿ ಅದರೊಳಗೆ ಬರುವುದಿಲ್ಲ. ಕಾರ್ಡಿನ ಸಣ್ಣ ಅಕ್ಷರ ಅಂಗಡಿಯಲ್ಲೇ ಓದಿ. ಜಿಎಸ್‌ಟಿ ಸಮೇತದ ಬಿಲ್ಲಿನಲ್ಲಿ ಮಾದರಿಯ ಹೆಸರು, ಸೀರಿಯಲ್ ನಂಬರು ಬರೆಸಿ. ಅವು ಬಿಲ್ಲಿನಲ್ಲೂ ಡಬ್ಬದಲ್ಲೂ ತಳದ ಲೇಬಲಿನಲ್ಲೂ ಒಂದೇ ಇರಬೇಕು. ಬಿಲ್ಲಿನ ಶಾಯಿ ವರ್ಷದೊಳಗೆ ಮಾಸುವುದರಿಂದ ಅದೇ ದಿನ ಬಿಲ್ಲು, ಕಾರ್ಡು, ಲೇಬಲ್ ಮೂರರ ಫೋಟೊ ತೆಗೆದಿಡಿ. ವಾರಂಟಿಯಿದ್ದೂ ರಿಪೇರಿಗೆ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸುವಾಗ ಕೇಳುವುದು ಈ ಮೂರನ್ನೇ.